ಹರಿಹರ ರಸ್ತೆಯಲ್ಲಿ ಕೇಳಬಾರದ ಪ್ರಶ್ನೆ

ಅದು 1998. ದಾವಣಗೆರೆ ಜಿಲ್ಲೆಯಾದ ಮರುವರ್ಷ. ವಯಸ್ಸು ಮೀರಿದ ಮೇಲೆ ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದ ನನಗೆ ನಗರ ಯೋಜನೆಯ ಕಚೇರಿಯೊಂದರಲ್ಲಿ ಹಂಗಾಮಿ ಸರ್ವೆ ಸಹಾಯಕನ ಕೆಲಸ ಸಿಕ್ಕಿತ್ತು. ದಾವಣಗೆರೆ ಆ ಕಡೆಗೆ, ಹರಿಹರ ಈ ಕಡೆಗೆ ಬೆಳೆಯುತ್ತಿದ್ದವು. ಎರಡೂ ಕೂಡಿಕೊಳ್ಳುವ ಮೊದಲು ನಡುವಿನ ಹೊಲಗಳಲ್ಲಿ ಎಲ್ಲಿ ಮನೆ, ಎಲ್ಲಿ ಕಾರ್ಖಾನೆ, ಎಲ್ಲಿ ರಸ್ತೆ ಎಂದು ನಕ್ಷೆ ಮಾಡಬೇಕಿತ್ತು.

ಅದಕ್ಕೆ ಮೊದಲ ಹೆಜ್ಜೆ ಓ-ಡಿ ಸರ್ವೆ. ಅಂದರೆ ವಾಹನ ನಿಲ್ಲಿಸಿ ಎಲ್ಲಿಂದ ಬಂದಿರಿ, ಎಲ್ಲಿಗೆ ಹೊರಟಿರಿ, ಏನು ಕೆಲಸ ಎಂದು ಕೇಳಿ ಬರೆದುಕೊಳ್ಳುವುದು. ಫಾರಂ ತಯಾರಿಸಿದವರು ಬೆಂಗಳೂರಿನಿಂದ ಬಂದಿದ್ದ ಯುವ ಪ್ಲಾನರ್ ಶ್ರೀಧರ್ ಸಾಹೇಬರು. ಹೊರಟವರನ್ನು ‘ಎಲ್ಲಿಗೆ’ ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದೆ, ಮನೆಗೆ ಮರಳಿ, ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ಇದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಆದರೆ ಅಚ್ಚಾದ ಫಾರಂ ಕೈಗೆ ಬಂದದ್ದೇ ತಡ, ನನಗೆ ಅದು ಮರೆತೇಹೋಯಿತು.

ಶುಕ್ರವಾರ ಬೆಳಿಗ್ಗೆ ದಾವಣಗೆರೆಯ ಅಂಚಿನಲ್ಲಿ ಶಾಮಿಯಾನ ಹಾಕಿ ಕೆಂಪು ಬಾವುಟ ಹಿಡಿದು ನಿಂತೆವು. ಮೊದಲು ಸಿಕ್ಕಿದ್ದು ಒಂದು ಜೀಪು. ಸರಸ್ವತಿ ನಗರದ ಮಂಡಿ ವ್ಯಾಪಾರಿ ಚನ್ನಬಸಪ್ಪನವರು ಮುಂದೆ, ಅವರ ತಾಯಿ ಗೌರಮ್ಮ ಹಿಂದೆ, ತೊಡೆಯ ಮೇಲೆ ಹೂವು, ಹಣ್ಣು, ತೆಂಗಿನಕಾಯಿಯ ಬುಟ್ಟಿ.

“ಯಜಮಾನ್ರೇ, ಎಲ್ಲಿಗೆ ಹೊರಟ್ರಿ?” ಎಂದೆ.

“ಥೂ ನಿನ್ನ! ಮಗಳ ಮಾತುಕತೆಗೆ ಹೊರಟೀವಪ್ಪಾ. ಎರಡು ಸಂಬಂಧ ಮುರಿದೈತೆ, ಇದು ಮೂರನೇದು. ಇವತ್ತೇ ಕೇಳಬೇಕಿತ್ತಾ ನೀನು?” ಎಂದವರೇ ಜೀಪು ತಿರುಗಿಸಿ ಮನೆಗೆ ಹೋದರು. ಹತ್ತೂವರೆಗೆ ರಾಹುಕಾಲ. ಅಷ್ಟರೊಳಗೆ ಹರಿಹರದ ಆ ಮನೆಯ ಹೊಸ್ತಿಲು ದಾಟಬೇಕಿತ್ತು.

ಆಮೇಲೆ ಬೈಕು, ಲೂನಾ, ಟೆಂಪೊ ಎಲ್ಲವೂ ಹಾಗೇ ತಿರುಗತೊಡಗಿದವು. ಆಚೆ ಬದಿಯಲ್ಲಿ ಕೂತು ಊರೊಳಗೆ ಹೋಗುವ ವಾಹನ ಎಣಿಸುತ್ತಿದ್ದವನು ಗೀಟು ಹಾಕುತ್ತಲೇ ಇದ್ದ. ಸಾಹೇಬರು ಹಾಳೆ ನೋಡಿ ಹಿಗ್ಗಿದರು. “ನೋಡ್ರಿ, ಹರಿಹರದಿಂದ ಬೆಳಿಗ್ಗೆ ಎಷ್ಟೊಂದು ಟ್ರಾಫಿಕ್! ಈ ಬದಿಗೆ ಇನ್ನೊಂದು ಲೇನ್ ಬೇಕೇ ಬೇಕು.”

“ಸರ್, ಅವ್ರು ಹರಿಹರದವ್ರಲ್ಲ. ನಾವು ಕೇಳಿದ್ದಕ್ಕೆ ನೀರು ಕುಡಿಯಾಕೆ ಮನಿಗೆ ಹೊಂಟೋರು.”

ವಿಷಯವೆಲ್ಲ ಬಿಡಿಸಿ ಹೇಳಿದರೂ ಅವರು ನಂಬಲಿಲ್ಲ. ಅಷ್ಟರಲ್ಲಿ ಅದೇ ಜೀಪು ಮತ್ತೆ ಬಂತು. “ನಾನೇ ಕೇಳ್ತೀನಿ” ಎಂದು ಸಾಹೇಬರು ಮುಂದೆ ನುಗ್ಗಿ, ಬಹಳ ವಿನಯದಿಂದ, “ತಾವು ಎಲ್ಲಿಗೆ ಹೋಗ್ತಾ ಇದೀರಿ?” ಎಂದರು. ಚನ್ನಬಸಪ್ಪನವರು ಹಣೆ ಚಚ್ಚಿಕೊಂಡು ಸ್ಟೇರಿಂಗ್ ತಿರುಗಿಸಿದರು. ಆಚೆಯವನು ಇನ್ನೊಂದು ಗೀಟು ಹಾಕಿದ.

ಮೂರನೇ ಸಲ ಬಂದಾಗ ಹತ್ತು ಗಂಟೆಯ ಹತ್ತಿರ. ಗೌರಮ್ಮನ ತಲೆ ಹೊರಗೆ ಬಂತು. “ಏ ತಮ್ಮಾ, ನೀರು ಕುಡಿದು ಕುಡಿದು ನನ್ನ ಹೊಟ್ಟಿ ಕೊಡ ಆಗೈತೆ. ಬರೋವಾಗ ನಿಲ್ಸು, ಉಂಡಿದ್ದೂ ಹೇಳ್ತೀನಿ. ಈಗ ಬಾಯಿ ತೆರಿಬ್ಯಾಡ!”

ಸಾಹೇಬರು ಬಾಯಿ ತೆರೆದಿದ್ದರು. ನಾನು ಬಾವುಟವನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಅವರು ನನ್ನ ಕಡೆ ನೋಡಿದರು, ಗಡಿಯಾರ ನೋಡಿದರು, ಬಾಯಿ ಮುಚ್ಚಿದರು. ಜೀಪು ಹಾರಿಹೋಯಿತು.

ಅಂದು ಮಧ್ಯಾಹ್ನ ಇಬ್ಬರಿಗೂ ಊಟ ಸೇರಲಿಲ್ಲ. “ಹೆಣ್ಣಿನ ಮದುವೆ ನಿಂತುಹೋದರೆ ನಮ್ಮಿಂದ ಅಂತಾರೇನ್ರಿ?” ಎಂದು ಸಾಹೇಬರು ನನ್ನನ್ನೇ ಎರಡು ಸಲ ಕೇಳಿದರು. ಎರಡು ಸಲವೂ ನಾನು ಫಾರಂ ಎಣಿಸತೊಡಗಿದೆ.

ಸಂಜೆ ಜೀಪು ಬಂದು ತಾನಾಗಿಯೇ ನಿಂತಿತು. ಚನ್ನಬಸಪ್ಪನವರು ಮುಖ ಬಿಗಿದುಕೊಂಡೇ ಇಳಿದರು. “ಬರಕೊಳ್ರಿ” ಎಂದರು.

“ಎಲ್ಲಿಂದ ಬಂದ್ರಿ?” ಪೆನ್ನು ತೆರೆದು ಕೇಳಿದೆ.

“ಹರಿಹರದ ನಮ್ಮ ಬೀಗರ ಮನಿಯಿಂದ.”

ಬೀಗರು! ಸಾಹೇಬರು ಕುರ್ಚಿಯಿಂದ ಎದ್ದೇ ನಿಂತರು. ಫಾರಂನಲ್ಲಿ ಪ್ರಯಾಣದ ಕಾರಣಕ್ಕೆ ಇದ್ದದ್ದು ಉದ್ಯೋಗ, ಶಾಲೆ, ಸಂತೆ, ಇತರೆ. ‘ಇತರೆ’ ಎಂದು ಗುರುತು ಹಾಕುತ್ತ ನಾನು ಗಟ್ಟಿಯಾಗಿ ಓದಿಬಿಟ್ಟೆ.

“ನನ್ನ ಮೊಮ್ಮಗಳ ಮದುವಿ ನಿಂಗೆ ಇತರೇನಾ?” ಗೌರಮ್ಮ ಒಳಗಿನಿಂದಲೇ ಗದರಿದರು. ಸಾಹೇಬರು ಪೆನ್ನು ಕಸಿದುಕೊಂಡು ‘ಶುಭಕಾರ್ಯ’ ಎಂದು ಬರೆದರು. ಆಮೇಲೆಯೇ ನಮ್ಮ ಕೈಗೆ ಪೇಡ ಬಂತು.

ಮರುದಿನದಿಂದ ಮರಳಿ ಬರುವವರನ್ನಷ್ಟೇ ಕೇಳಿದೆವು. ಜನ ಎಷ್ಟು ಹೇಳಿದರೆಂದರೆ ಬೇರೆಯವರು ಹಿಂದೆ ಹಾರನ್ ಬಾರಿಸಬೇಕಾಯಿತು. ಆ ಶುಕ್ರವಾರದ ಗೀಟುಗಳನ್ನು ಸಾಹೇಬರೇ ಹೊಡೆದುಹಾಕಿದರು. ಹಾಗಾಗಿ ಆ ಹೆಚ್ಚುವರಿ ಲೇನ್ ನಕ್ಷೆಗೆ ಬರಲಿಲ್ಲ, ಯಾರದೋ ಹೊಲ ಉಳಿಯಿತು. ಜನರಿಗಾಗಿ ರಸ್ತೆ ಮಾಡುವವನು ಅವರನ್ನು ಯಾವಾಗ ಮಾತಾಡಿಸಬೇಕು ಎಂಬುದನ್ನೂ ಕಲಿಯಬೇಕು. ಮುಂದಿನ ಎಲ್ಲ ಸರ್ವೆಗಳಲ್ಲೂ ನನ್ನ ಶಾಮಿಯಾನ ಮನೆಗೆ ಮರಳುವವರ ಬದಿಗೇ ಇತ್ತು.

ಕೆಲಸ ಮುಗಿಸಿ ಸಾಹೇಬರು ಬಸ್ ಹತ್ತುವ ದಿನ ಅವರ ಪೆಟ್ಟಿಗೆ ಮೇಲಿಟ್ಟು, “ದೂರ ಹೊಂಟ್ರಾ ಸರ್?” ಎಂದೆ.

ಅವರು ಕಿಟಕಿಯಿಂದ ಬಗ್ಗಿ, “ಬಂದ್ಮೇಲೆ ಹೇಳ್ತೀನಿ” ಎಂದರು.