ಹೊಸನಗರದ ಬಜ್ಜಿ

ಆ ದಿನ ಬಸ್ಸು ನಿಂತದ್ದು ನನಗಾಗಿಯೇ ಎಂದು ಈಗ ಖಚಿತವಾಗಿ ಹೇಳಲಾರೆ. ಒಂದೂವರೆ ವರ್ಷ ಹಾಗೆಂದೇ ನಂಬಿದ್ದೆ. ಹೊಸನಗರದ ನಿಲ್ದಾಣದಲ್ಲಿ ಈರುಳ್ಳಿ ಬಜ್ಜಿ ತಿಂದೆ. ಕೋಣಂದೂರು ಬರುವ ಮೊದಲೇ ಹೊಟ್ಟೆ ತಿರುಚಿತು. ಕಂಡಕ್ಟರ್ ಸೀಟಿ ಊದಿ ಬಸ್ಸು ನಿಲ್ಲಿಸಿದ, ನಾನು ಕೊಡೆ ಹಿಡಿದು ಅಕೇಶಿಯಾ ಮರಗಳ ನಡುವೆ ಓಡಿದೆ. ಮರಳಿ ಹತ್ತಿದಾಗ ಬಸ್ಸಿನವರೆಲ್ಲ ಕಿಟಕಿಯಾಚೆ ನೋಡುತ್ತಿದ್ದರು. ಅವರ ಆ ಸೌಜನ್ಯವೇ ಹೆಚ್ಚು ನೋಯಿಸಿತು. ಇಷ್ಟು ನನ್ನ ನೆನಪು.

ನಮ್ಮ ಮನೆ ಸಾಗರದಲ್ಲಿ. ವಾರಕ್ಕೆ ಮೂರು ದಿನ ತೀರ್ಥಹಳ್ಳಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ನನಗೆ ಕಾರು ಓಡಿಸಲು ಬಾರದು. ಬಸ್ಸು ಹತ್ತುವ ಧೈರ್ಯ ಹೋದರೆ ಕೆಲಸವೂ ಹೋದಂತೆ. ಆ ಘಟನೆಯ ನಂತರ ಎರಡು ವಾರ ರಜೆ ಹಾಕಿದೆ.

ಸಾಗರದ ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, ಕರುಳಿನಲ್ಲಿ ಗಾಯವಿಲ್ಲ, ಹುಣ್ಣಿಲ್ಲ, ಅದಕ್ಕೆ ಸಿಡುಕು ಸ್ವಭಾವ ಅಷ್ಟೇ ಎಂದರು. ಇರಿಟಬಲ್ ಬವೆಲ್ ಎಂದು ಚೀಟಿಯಲ್ಲಿ ಬರೆದರು. ಅನುಮಾನವಿರುವ ಪದಾರ್ಥವನ್ನು ಕೆಲವು ವಾರ ಬಿಡಿ, ಒಂದು ಸಲಕ್ಕೆ ಒಂದನ್ನೇ. ಆಮೇಲೆ ಸ್ವಲ್ಪ ಸ್ವಲ್ಪ ತಿಂದು ನೋಡಿ, ಎಲ್ಲವನ್ನೂ ಬರೆದಿಡಿ ಎಂದರು. ನಾನು ವಿದ್ಯಾರ್ಥಿಗಳಿಗೆ ಹೇಳಿಕೊಡುವುದೂ ಅದನ್ನೇ. ಈರುಳ್ಳಿ ಬಿಟ್ಟೆ. ಬಿಟ್ಟ ಉತ್ಸಾಹದಲ್ಲಿ ಬೆಳ್ಳುಳ್ಳಿಯನ್ನೂ ಬಿಟ್ಟೆ, ಅಲ್ಲಿಗೆ ಪ್ರಯೋಗ ಕೆಟ್ಟಿತು. ಆದರೆ ಹೊಟ್ಟೆ ಶಾಂತವಾಯಿತು, ಮತ್ತೆ ಬಸ್ಸು ಹತ್ತಿದೆ. ತಿಂದು ನೋಡುವ ಭಾಗವನ್ನು ಮಾತ್ರ ಮಾಡಲೇ ಇಲ್ಲ. ನಾಳೆ ಬಸ್ಸಿದೆ ಎಂಬ ನೆಪ ಯಾವಾಗಲೂ ಇರುತ್ತಿತ್ತು.

ಇದರಿಂದ ಕಷ್ಟವಾದದ್ದು ಹೆಂಡತಿಗೆ. ನಮ್ಮ ಕಡೆ ಈರುಳ್ಳಿ, ಬೆಳ್ಳುಳ್ಳಿ ಎರಡೂ ಇಲ್ಲದ ಅಡುಗೆ ಎಂದರೆ ಶ್ರಾದ್ಧದ ಅಡುಗೆ. ಒಮ್ಮೆ ಬಡಿಸುತ್ತಾ ಹೇಳಿದಳು: “ಎಲ್ಲರ ಮನೇಲೂ ವರ್ಷಕ್ಕೊಂದು ತಿಥಿ, ಯಮ್ಮನೇಲಿ ದಿನಾ ತಿಥಿ. ಪಿತೃಗಳಿಗೂ ಬೇಜಾರು ಬಂದಿಕ್ಕು.”

ಕಳೆದ ತಿಂಗಳು ಅವಳು ಇನ್ನೊಂದು ಮಾತು ತೆಗೆದಳು. ಆ ದಿನ ನಾನು ತೀರ್ಥಹಳ್ಳಿಯಿಂದ ಫೋನ್ ಮಾಡಿ ಕಾಫಿಯ ಹಾಲು ಕೆಟ್ಟಿತ್ತು ಎಂದಿದ್ದೆನಂತೆ, ಈರುಳ್ಳಿಯ ಸುದ್ದಿಯೇ ಇರಲಿಲ್ಲವಂತೆ. ಫೋನ್ ಮಾಡಿದ್ದೇ ನನಗೆ ನೆನಪಿಲ್ಲ. ಡಾಕ್ಟರು ಹೇಳಿದಂತೆ ತಿಂದದ್ದನ್ನೆಲ್ಲ ಬರೆದಿಟ್ಟ ನೋಟ್‌ಬುಕ್ ತೆಗೆದೆ. ಮೊದಲ ಪುಟದಲ್ಲಿ ನೀಲಿ ಶಾಯಿಯಲ್ಲಿ ‘ಹೊಸನಗರ, ಬಜ್ಜಿ, ಕಾಫಿ’ ಎಂದಿತ್ತು. ಬಜ್ಜಿಯ ಮೇಲೆ, ಪೆನ್ಸಿಲಿನಲ್ಲಿ, ‘ಈರುಳ್ಳಿ’. ಎರಡೂ ನನ್ನದೇ ಅಕ್ಷರ. ಪೆನ್ಸಿಲಿನದ್ದನ್ನು ಯಾವಾಗ ಸೇರಿಸಿದೆನೋ ಗೊತ್ತಿಲ್ಲ.

ಮರುವಾರ ಬಸ್ಸಿನಲ್ಲಿ ಅದೇ ಕಂಡಕ್ಟರನನ್ನು ಕೇಳಿದೆ. ಅವನು ಟಿಕೆಟ್ ಹರಿಯುತ್ತಲೇ ನಕ್ಕ. “ನಿಮಗೋಸ್ಕರ ಎಲ್ಲಿ ನಿಲ್ಸಿದ್ವಿ ಮೇಷ್ಟ್ರೇ? ಮರ ಬಿದ್ದಿತ್ತು. ಅರ್ಧ ಬಸ್ಸೇ ಇಳ್ದು ಕಾಡಿಗೆ ಹೋಗಿತ್ತು. ನೀವೊಬ್ರೇ ಅಂತ ಯಾರು ಹೇಳಿದ್ದು?”

ಹಾಗಾದರೆ ನನ್ನ ಅವಮಾನ ಎಲ್ಲಿ ಹೋಯಿತು? ಆದರೆ ಈ ದಾರಿಯಲ್ಲಿ ಮಳೆಗಾಲವಿಡೀ ಮರ ಬೀಳುತ್ತಿರುತ್ತದೆ, ಅವನು ಬೇರೊಂದು ದಿನವನ್ನು ಹೇಳುತ್ತಿರಬಹುದು. ಅವನ ನೆನಪನ್ನು ನನ್ನದಕ್ಕಿಂತ ಹೆಚ್ಚು ನಂಬಲು ಕಾರಣವಿರಲಿಲ್ಲ, ಕಡಿಮೆ ನಂಬಲೂ ಇರಲಿಲ್ಲ.

ಬಿಟ್ಟ ಪ್ರಯೋಗವನ್ನು ಮುಗಿಸಿಯೇಬಿಡುವುದೆಂದು ಹೊಸನಗರದಲ್ಲಿ ಇಳಿದೆ. ನಿಲ್ದಾಣದಲ್ಲಿ ಬಜ್ಜಿ ಅಂಗಡಿ ಇರುವುದು ಒಂದೇ, ನಡೆಸುವವರು ಒಬ್ಬ ಹೆಂಗಸು. ಎರಡು ಈರುಳ್ಳಿ ಬಜ್ಜಿ ಕೊಡಿ ಎಂದೆ.

“ಈರುಳ್ಳಿದು ಮಾಡಲ್ಲ ಸಾರ್,” ಎಂದರು. “ಅಂಗಡಿ ಇಟ್ಟಾಗಿಂದ ಬಾಳೆಕಾಯಿ ಒಂದೇ. ನೀವು ಮುಂಚೆ ತಿಂತಿದ್ರಲ್ಲ, ಈಗ ಬರೋದೇ ಇಲ್ಲ.”

ಬಾಳೆಕಾಯಿ ಬಜ್ಜಿ ಎರಡು ತಿಂದೆ. ತೀರ್ಥಹಳ್ಳಿಯವರೆಗೆ ಹೊಟ್ಟೆಯ ಪ್ರತಿ ಗುಡುಗಿಗೂ ಕಿವಿಗೊಟ್ಟು ಕೂತೆ. ಏನೂ ಆಗಲಿಲ್ಲ. ಅದರಿಂದ ಏನೂ ಸಾಬೀತಾಗಲೂ ಇಲ್ಲ. ಈರುಳ್ಳಿ ನಿರಪರಾಧಿಯಾದರೆ ಅದನ್ನು ಬಿಟ್ಟ ಮೇಲೆ ಹೊಟ್ಟೆ ಸುಧಾರಿಸಿದ್ದು ಹೇಗೆ? ಬೆಳ್ಳುಳ್ಳಿ ಬಿಟ್ಟದ್ದಕ್ಕೋ, ಏನೋ ಒಂದು ಬಿಟ್ಟಿದ್ದೇನೆಂಬ ಧೈರ್ಯಕ್ಕೋ?

ಮನೆಗೆ ಬಂದು, ಶುಕ್ರವಾರ ಹುಳಿಗೆ ಈರುಳ್ಳಿ ಹಾಕು ಎಂದೆ. ಶನಿವಾರ ಬಸ್ಸಿಲ್ಲ, ಅದ್ಕೇ ಅಲ್ದಾ ಎಂದಳು. ಹೌದು ಎಂದೆ. ಶುಕ್ರವಾರ ಅವಳು ಎರಡು ಸಲ ಬಡಿಸಿಕೊಂಡಳು. ಶನಿವಾರ ನನ್ನ ಹೊಟ್ಟೆ ಸ್ವಲ್ಪ ಉಬ್ಬರಿಸಿತು, ಈರುಳ್ಳಿಗೋ ಭಯಕ್ಕೋ ತಿಳಿಯಲಿಲ್ಲ. ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ, ಶಾಯಿಯಲ್ಲೇ. ಸೋಮವಾರ ಬಸ್ಸು ಹತ್ತಿದೆ.

ಹೊಸನಗರದಲ್ಲಿ ಇಳಿದು ಪಕ್ಕದ ಹಣ್ಣಿನಂಗಡಿಯ ಮುದುಕರನ್ನೂ ವಿಚಾರಿಸಿದೆ. ಆ ಬಜ್ಜಿ ಅಂಗಡಿ ಇಟ್ಟ ದಿನದಿಂದ ಅವರು ಅಲ್ಲಿದ್ದಾರೆ. ಅಲ್ಲಿ ಈರುಳ್ಳಿ ಬಜ್ಜಿ ಒಂದು ದಿನವೂ ಮಾಡಿಲ್ಲ.