ಬೆಕ್ಕಿನ ಹೆರಿಗೆ

ಹೆರಿಗೆ ವಿಷಯದಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬ ಜಂಬ ನಮ್ಮಮ್ಮನಿಗಿತ್ತು. ಸುಳ್ಳು ಜಂಬವೇನಲ್ಲ. ಹಲಸೂರಿನ ನಮ್ಮ ಮನೆಯ ಹಿತ್ತಲಲ್ಲಿ ಕೊಟ್ಟಿಗೆ ಇದ್ದ ಕಾಲದಲ್ಲಿ ಎಷ್ಟೋ ಹಸುಗಳ ಕರು ಎಳೆದ ಕೈ ಅದು. ಕೊಟ್ಟಿಗೆ ಹೋಗಿ ಬಾಡಿಗೆ ಮನೆಗಳು ಎದ್ದ ಮೇಲೆ, ಅಲ್ಲಿನ ಬಾಣಂತಿಯರಿಗೆ ನೀರು ಹಾಕುವ ಕೆಲಸವನ್ನು ಯಾರೂ ಕೇಳದೆ ತಾನೇ ವಹಿಸಿಕೊಂಡಿದ್ದಳು. ಯಾವ ಜಾತಿಯವಳಾಗಲಿ, ಯಾವ ಭಾಷೆಯವಳಾಗಲಿ, ಹೆತ್ತು ಬಂದವಳನ್ನು ನಮ್ಮ ಬಚ್ಚಲುಮನೆಯ ಮಣೆಯ ಮೇಲೆ ಕೂರಿಸಿ, ಹಂಡೆಯಿಂದ ಸುಡುಸುಡು ನೀರು ಮೊಗೆದು ನೆತ್ತಿಗೆ ಹುಯ್ಯುತ್ತಿದ್ದಳು. ಒಲೆಗೆ ಸೌದೆ ಒಟ್ಟುವುದು, ನೀರು ಹದ ಮಾಡುವುದು ನನ್ನ ಅತ್ತಿಗೆಯ ಪಾಲು. ಅಣ್ಣನನ್ನು ಮದುವೆಯಾಗಿ ಎಷ್ಟೋ ವರ್ಷವಾಗಿದ್ದರೂ ಅವಳಿಗೆ ಮಕ್ಕಳಿರಲಿಲ್ಲ.

ಬೆಕ್ಕು ಬಂದದ್ದು ಬಾಡಿಗೆಗಿದ್ದ ಆಂಗ್ಲೋ ಇಂಡಿಯನ್ ಅಜ್ಜಿಯೊಬ್ಬಳಿಂದ. ತಂಗಿಯ ಜೊತೆ ಇರಲು ಆಸ್ಟ್ರೇಲಿಯಾಕ್ಕೆ ಹೊರಟ ದಿನ ಅದನ್ನು ಅತ್ತಿಗೆಯ ಕೈಗೆ ಕೊಟ್ಟು, ಇಂಗ್ಲಿಷಿನಲ್ಲಿ ಏನೇನೋ ಹೇಳಿ ಅತ್ತಳಂತೆ. 'ಡಾರ್ಲಿಂಗ್' ಎಂಬುದೊಂದು ಬಿಟ್ಟು ಅಮ್ಮನಿಗಾಗಲಿ ಅತ್ತಿಗೆಗಾಗಲಿ ಒಂದಕ್ಷರ ತಿಳಿಯಲಿಲ್ಲ. ಉದ್ದ ಕೂದಲಿನ, ದುಂಡು ಹೊಟ್ಟೆಯ, ಯಾರ ತಂಟೆಗೂ ಹೋಗದ ಬೆಕ್ಕು. ಇಷ್ಟು ಸಾಧು ಪ್ರಾಣಿ ಹೆಣ್ಣೇ ಇರಬೇಕೆಂದು ಅಮ್ಮ ತೀರ್ಪು ಕೊಟ್ಟಳು, ನಾವು ತಲೆಯಾಡಿಸಿದೆವು. ಮನೆಯ ಮಗಳಾದ ನಾನು ಆಗ ಶಿವಾಜಿನಗರದ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ದಿನವಿಡೀ ಊರವರ ಕಣ್ಣಿಗೆ ಗಾಜು ಹೊಂದಿಸುತ್ತಿದ್ದ ನಾನೂ ಮನೆಯ ಬೆಕ್ಕಿನ ಬಾಲ ಎತ್ತಿ ನೋಡಲಿಲ್ಲ.

ಬೆಕ್ಕು ಇನ್ನಷ್ಟು ದಪ್ಪಗಾದಾಗ ಅಮ್ಮ ಅದನ್ನು ಬಸುರಿ ಮಾಡಿದಳು. "ಮನೇಲಿ ಬೆಕ್ಕು ಮರಿ ಹಾಕಿದ್ರೆ ಮನೆ ಹೆಂಗಸಿಗೂ ಕೂಡಿಬರುತ್ತೆ," ಎಂದು ಗಾಳಿಗೆ ಹೇಳುವ ಹಾಗೆ ಹೇಳಿದಳು. ಅಂಥದ್ದೊಂದು ಶಾಸ್ತ್ರ ಇದೆಯೋ, ಅಮ್ಮನೇ ಕಟ್ಟಿದ್ದೋ, ದೇವರಿಗೇ ಗೊತ್ತು. ಅತ್ತಿಗೆ ಮಾತ್ರ ರಟ್ಟಿನ ಪೆಟ್ಟಿಗೆ ತಂದು, ತನ್ನ ಮೆತ್ತನೆಯ ಸೀರೆಯೊಂದನ್ನು ಅದರಲ್ಲಿ ಹಾಸಿದಳು. ದಿನಕ್ಕೆ ಹತ್ತು ಸಲ ಹೋಗಿ ಆ ಸೀರೆಯ ಸುಕ್ಕು ಬಿಡಿಸುತ್ತಿದ್ದಳು.

ಒಂದು ಭಾನುವಾರ ಬೆಳಿಗ್ಗೆ ಬೆಕ್ಕು ಒದ್ದಾಡತೊಡಗಿತು. ಪೆಟ್ಟಿಗೆಗೆ ಹೋಗಿ ಕುಕ್ಕರಿಸುವುದು, ತಿಣುಕುವುದು, ಹೊರಗೆ ಬರುವುದು, ಹಿಂಭಾಗ ನೆಕ್ಕಿಕೊಳ್ಳುವುದು, ಗಂಟಲು ಹರಿಯುವ ಹಾಗೆ ಅರಚುವುದು. "ನೋವು ತಿಂತಿದೆ," ಎಂದು ಅಮ್ಮ ಸೆರಗು ಸಿಕ್ಕಿಸಿ ಕೂತಳು. ಪಕ್ಕದ ಮನೆಯ ತಮಿಳು ಅಕ್ಕ ಇಣುಕಿ, "ಪಾವಂ, ಚೊಚ್ಚಲು ಅಲ್ವಾ, ಲೇಟಾಗುತ್ತೆ," ಅಂದಳು.

ಅತ್ತಿಗೆ ಮೂಲೆಯಲ್ಲಿ ಬೆಕ್ಕಿನ ಕಕ್ಕಸಿಗೆಂದು ಇಟ್ಟಿದ್ದ ಮರಳಿನ ತಟ್ಟೆಯ ಮುಂದೆ ಕೂತಿದ್ದಳು. ಅದನ್ನು ದಿನಾ ಬಳಿಯುತ್ತಿದ್ದವಳು ಅವಳೇ.

"ಅತ್ತೆ, ಇದು ನಿನ್ನೆಯಿಂದ ಉಚ್ಚೆ ಹೊಯ್ದಿಲ್ಲ. ಮರಳು ಒಣಗೇ ಇದೆ."

"ಹೆರೋ ಹೊತ್ತಲ್ಲಿ ಅದಕ್ಕೆ ಉಚ್ಚೆ ನೆನಪಿರುತ್ತೇನೇ?"

"ಅಲ್ಲ ಅತ್ತೆ, ಇದು ಹೆರಿಗೆ ನೋವಲ್ಲ ಅನ್ಸುತ್ತೆ..."

"ಹೆರದೋಳಿಗೆ ಹೆರಿಗೆ ನೋವು ಏನ್ ಗೊತ್ತಾಗುತ್ತೆ!"

ಅಮ್ಮ ಈ ಗಾದೆಯನ್ನು ಊರಿಗೆಲ್ಲ ಬಳಸುತ್ತಿದ್ದಳು. ಅವತ್ತು ಅದು ಯಾರಿಗೆ ತಗುಲಿತೆಂದು ಆಡಿದ ಮೇಲೆ ಅವಳಿಗೂ ಹೊಳೆದಿರಬೇಕು, ಯಾಕೆಂದರೆ ತಟ್ಟನೆ ಬೆಕ್ಕಿನ ಕಡೆ ತಿರುಗಿದಳು. ತಮಿಳು ಅಕ್ಕ ಮೆಲ್ಲಗೆ ಜಾಗ ಖಾಲಿ ಮಾಡಿದಳು. ನನಗಂತೂ ತಲೆಬುಡ ತಿಳಿಯಲಿಲ್ಲ. ಒಂದು ಕಡೆ ಜೀವಮಾನದ ಅನುಭವ, ಇನ್ನೊಂದು ಕಡೆ ಒಂದು ತಟ್ಟೆ ಒಣ ಮರಳು. ಯಾರನ್ನು ನಂಬಲಿ?

ಮಧ್ಯಾಹ್ನದ ಹೊತ್ತಿಗೆ ಬೆಕ್ಕು ಅರಚುವುದನ್ನೂ ಬಿಟ್ಟಿತು. ಅತ್ತಿಗೆ ತರಕಾರಿ ಬುಟ್ಟಿಯಲ್ಲಿ ಅದನ್ನು ಮಲಗಿಸಿ, ಮೇಲೆ ಟವೆಲ್ ಕಟ್ಟಿ, ಚಪ್ಪಲಿ ಮೆಟ್ಟಿದಳು.

"ನೋವು ತಿಂತಿರೋದನ್ನ ಬೀದಿಗೆ ಒಯ್ತೀಯೇನೇ? ಹೊಸ್ತಿಲು ದಾಟು, ನೋಡ್ತೀನಿ!" ಎಂದು ಅಮ್ಮ ಕೂಗಿದಳು.

ಅತ್ತಿಗೆ ದಾಟಿದಳು. ಅತ್ತೆಗೆ ಎದುರಾಡಿ ಗೊತ್ತಿಲ್ಲದ ಹೆಂಗಸು! ನಾನು ಬಿಟ್ಟ ಬಾಯಿ ಬಿಟ್ಟುಕೊಂಡೇ ಹಿಂದೆ ಓಡಿ ಆಟೋ ಹತ್ತಿದೆ.

ಫ್ರೇಜರ್ ಟೌನಿನ ಆ ಪಶುವೈದ್ಯರ ಬಳಿ ಬರುವುದು ಬಹುತೇಕ ನಾಯಿಗಳೇ. ಕರುವಿನಷ್ಟೆತ್ತರದ ಎರಡು ನಾಯಿಗಳ ನಡುವೆ ನಮ್ಮ ಬುಟ್ಟಿ ಕಾದಿತ್ತು. ಸರದಿ ಬಂದಾಗ ನಾನೇ ಮುಂದಾಗಿ, "ಡಾಕ್ಟ್ರೇ, ಚೊಚ್ಚಲು ಹೆರಿಗೆ, ಸ್ವಲ್ಪ ಕಷ್ಟ ಆಗ್ತಿದೆ," ಅಂದೆ.

ಅವರು ಹೊಟ್ಟೆ ಮುಟ್ಟಿದರು, ಬಾಲ ಎತ್ತಿದರು, ನನ್ನ ಮುಖ ನೋಡಿದರು.

"ಮೇಡಂ, ಇದು ಗಂಡು. ಅದೂ ಆಪರೇಷನ್ ಆಗಿರೋ ಗಂಡು. ಯೂರಿನ್ ಬ್ಲಾಕ್ ಆಗಿದೆ. ನಾಳೆವರೆಗೂ ಕಾದಿದ್ರೆ ಉಳೀತಿರಲಿಲ್ಲ."

ನನಗೆ ನಗು ಬಂತೋ ನಾಚಿಕೆಯಾಯಿತೋ ತಿಳಿಯಲಿಲ್ಲ. ಅತ್ತಿಗೆ ನಗಲಿಲ್ಲ. "ಹಂಗಾದ್ರೆ ಮರಿ ಇಲ್ವಾ?" ಎಂದು ಸಣ್ಣ ದನಿಯಲ್ಲಿ ಕೇಳಿದಳು.

"ಇಲ್ಲಮ್ಮ. ತುಂಬಿರೋದು ಉಚ್ಚೆ."

ಅವಳು ತಲೆಯಾಡಿಸಿದಳು. ಟವೆಲನ್ನು ಬೆಕ್ಕಿನ ಮೈಮೇಲೆ ಎಳೆದು, "ಬದುಕುತ್ತಾ?" ಅಂದಳು. ಸಣ್ಣ ಕೊಳವೆ ಹಾಕಿ ಉಚ್ಚೆ ತೆಗೆಯುತ್ತೇವೆ, ರಾತ್ರಿ ಇಲ್ಲೇ ಇರಲಿ ಎಂದರು ಡಾಕ್ಟರು.

ಮನೆಯಲ್ಲಿ ಸುದ್ದಿ ಕೇಳಿ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ್ರಂತೆ! ನೀನೇ ಹೇಳ್ತಿದ್ದೆಯಲ್ಲಮ್ಮ!" ಅಮ್ಮ, "ಬೆಕ್ಕಿಗೂ ಆಪರೇಷನ್ ಮಾಡಿಸ್ತಾರಾ?" ಎಂದು ತನ್ನಷ್ಟಕ್ಕೆ ಗೊಣಗಿ, ಪೆಟ್ಟಿಗೆಯಲ್ಲಿದ್ದ ಅತ್ತಿಗೆಯ ಸೀರೆಯನ್ನು ತೆಗೆದು ಒಗೆಯಲು ಹೋದಳು.

ಮರುದಿನ ಬೆಕ್ಕನ್ನು ಕರೆತರಲು ಹೊರಟಾಗ ಅಮ್ಮ ನಮಗಿಂತ ಮೊದಲೇ ಆಟೋದಲ್ಲಿ ಕೂತಿದ್ದಳು. ಡಾಕ್ಟರು ಕೊಳವೆ ತೆಗೆದಿದ್ದರು. "ಇನ್ಮೇಲೆ ತಾನಾಗೇ ಹೊಯ್ಬೇಕು. ಸಂಜೆವರೆಗೂ ಹೊಯ್ಲಿಲ್ಲ ಅಂದ್ರೆ ವಾಪಸ್ ತನ್ನಿ. ಆಗ ಗ್ಯಾರಂಟಿ ಹೇಳಕ್ಕಾಗಲ್ಲ." ಯಾಕೆ ಹೀಗಾಯಿತೆಂದು ಕೇಳಿದೆ. ತಿನ್ನುವುದರಿಂದ ಇರಬಹುದು, ನೀರು ಕಡಿಮೆ ಕುಡಿಯುವುದರಿಂದ ಇರಬಹುದು, ಬೊಜ್ಜಿನಿಂದಲೂ ಇರಬಹುದು ಎಂದರು. ಹೋಗುವಾಗ ಇದ್ದ ಗೊಂದಲಕ್ಕೆ ಇನ್ನೂ ಮೂರು ಸೇರಿಸಿಕೊಂಡು ಹೊರಗೆ ಬಂದೆ.

ಬುಟ್ಟಿ ಅತ್ತಿಗೆಯ ಮಡಿಲಲ್ಲಿತ್ತು. ಹಲಸೂರು ಕೆರೆಯ ಹತ್ತಿರ ಆಟೋ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಅವಳು, "ಅಯ್ಯೋ ಅತ್ತೆ!" ಎಂದು ಚೀರಿದಳು.

"ಏನೇ? ಏನಾಯ್ತೇ? ಹೋಯ್ತೇನೇ?"

"ಹೊಯ್ತು ಅತ್ತೆ! ಉಚ್ಚೆ ಹೊಯ್ದುಬಿಡ್ತು!"

ಬುಟ್ಟಿಯ ಸಂದಿಯಿಂದ ಸೋರಿ ಅವಳ ಸೀರೆಯೆಲ್ಲ ತೊಯ್ದಿತ್ತು. ಅವಳು ನಗುತ್ತಿದ್ದಳು, ಕಣ್ಣೀರೂ ಸುರಿಯುತ್ತಿತ್ತು. ಜಗಲಿಯ ಮೇಲೆ ಒಂದು ಹನಿ ಉಚ್ಚೆ ಬಿದ್ದರೂ ಕೊಡಗಟ್ಟಲೆ ನೀರು ಹುಯ್ಯುತ್ತಿದ್ದ ನಮ್ಮಮ್ಮ ಆ ತೊಯ್ದ ಮಡಿಲಿಗೆ ಕೈಯಿಟ್ಟು, "ಬೆಚ್ಚಗಿದೆ ಕಣೇ," ಅಂದಳು. ಆಟೋದವನು ಸೀಟು ಹಾಳಾಯಿತೆಂದು ಶುರುಮಾಡಿದ. "ನಾನೇ ತೊಳ್ಕೊಡ್ತೀನಿ, ಸುಮ್ನೆ ಓಡ್ಸಪ್ಪ," ಎಂದು ಅಮ್ಮ ಗದರಿದಳು.

ಮನೆಗೆ ಬಂದವಳೇ ಅಮ್ಮ ಬಚ್ಚಲ ಒಲೆ ಹೊತ್ತಿಸಿದಳು. "ಬೆಕ್ಕಿಗೆ ಈಗಲೇ ಸ್ನಾನ ಬೇಡಮ್ಮ," ಅಂದೆ.

"ಬೆಕ್ಕಿಗಲ್ಲ. ನೀನು ಸೌದೆ ಒಟ್ಟು." ಆಮೇಲೆ ಅತ್ತಿಗೆಯನ್ನು ಕರೆದಳು. "ಬಾರೇ ಇಲ್ಲಿ. ಕೂತ್ಕೋ."

ಅತ್ತಿಗೆ ಆ ಮಣೆಯನ್ನು ನೋಡಿದಳು, ಅಮ್ಮನನ್ನು ನೋಡಿದಳು, ಕೂತಳು. ಅಮ್ಮ ಮೊದಲ ಚೊಂಬು ನೆತ್ತಿಗೆ ಹುಯ್ದಳು. "ಕಣ್ಣು ಮುಚ್ಕೋ. ನೀನು ಮರಳು ಒಣಗಿದೆ ಅಂದಾಗ್ಲೇ ಕೇಳ್ಬೇಕಿತ್ತು ನಾನು. ಹಾಳು ಬಾಯಿ ನಂದು." ಅತ್ತಿಗೆಯ ಭುಜ ಅಲುಗುತ್ತಿತ್ತು. ಅಳುವೋ, ನೀರಿನ ಬಿಸಿಯೋ, ಹೊಗೆಯಲ್ಲಿ ನನಗೆ ಕಾಣಲಿಲ್ಲ.

ಹೊಗೆ ಕಂಡು ತಮಿಳು ಅಕ್ಕ ಬಾಗಿಲಿಗೆ ಬಂದಳು. "ಯಾರಿಗಕ್ಕಾ ನೀರು? ಯಾರು ಹೆತ್ರು?"

"ನನ್ನ ಸೊಸೆಗೆ ಹಾಕ್ತಿದ್ದೀನಿ," ಅಂದಳು ಅಮ್ಮ, ತಿರುಗಿಯೂ ನೋಡದೆ. "ಬಾಗಿಲು ಮುಂದೆ ಮಾಡ್ಕೊಂಡು ಹೋಗು, ಗಾಳಿ ಬರುತ್ತೆ."