ಇಲಿ ತಿನ್ನದ ಉಪ್ಪುಕಂಡ

ನನ್ನ ಅಕ್ಕನ ಬಲಗೈ ಹೆಬ್ಬೆರಳಿನ ಉಗುರು ಬೆಳ್ಳಗಿದ್ದುದನ್ನು ನಾನು ಎಂದೂ ನೋಡಲಿಲ್ಲ. ಅರಿಶಿನ ಹಿಡಿದು ಹಳದಿಯಾಗಿತ್ತು. ಅದರ ಸುತ್ತಲಿನ ಚರ್ಮವನ್ನು ಕಲ್ಲುಪ್ಪು ತಿಂದು ಹಾಕಿತ್ತು. ಚಳಿಗಾಲ ಬಂದರೆ ಒಡೆದು ರಕ್ತ ಜಿನುಗುತ್ತಿತ್ತು. ನಮ್ಮೂರಿನ ಅರ್ಧ ಬಾಣಂತಿಯರು ಆ ಕೈ ಕಾಯಿಸಿದ ಸಾರು ಕುಡಿದು ಎದ್ದವರು. ಅವಳು ತನಗೆಂದು ಒಂದೇ ಒಂದು ಸಲ ಒಂದು ಬಟ್ಟಲು ಸಾರು ಕೇಳಿದಳು. ನಾನು ಕೊಡಲಿಲ್ಲ. ಇಲ್ಲದೆ ಅಲ್ಲ, ಇದ್ದುದನ್ನು ಇಲ್ಲವೆಂದೆ.

ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ನಂಜನಗೂಡಿನಿಂದ ತೆಂಕಲಿಗೆ, ಕಾಡಂಚಿನ ಒಂದು ಹಳ್ಳಿಗೆ ಅವಳನ್ನು ಕೊಟ್ಟಿದ್ದರು. ನಮ್ಮ ಸೀಮೆಗೆ ಪ್ಲೇಗು ಕಾಲಿಟ್ಟ ಮೊದಲ ವರ್ಷಗಳು ಅವು. ಅವಳ ಗಂಡನ ಮನೆಯಲ್ಲಿ ಹಟ್ಟಿಯ ಗೋಡೆಯಿಂದ ಹಗಲು ಹೊತ್ತಿನಲ್ಲೇ ಒಂದು ಇಲಿ ಹೊರಗೆ ಬಂದು, ಕುಡಿದವನ ಹಾಗೆ ತೂರಾಡಿ ಬಿತ್ತಂತೆ. ಇಲಿ ಬಿದ್ದರೆ ಪ್ಲೇಗು ಬಂತೆಂದೇ ಲೆಕ್ಕ, ಹೊಲದ ಗುಡಿಸಲಿಗೆ ಹೋಗಿಬಿಡೋಣ ಎಂದು ಅಕ್ಕ ಕಾಲು ಹಿಡಿದಳು. ಕೊಯ್ಲು ಮುಗಿಯಲಿ ಎಂದರು ಮನೆಯವರು. ಕೊಯ್ಲು ಮುಗಿಯುವುದರೊಳಗೆ ಗಂಡನೂ ನಾಲ್ಕು ವರ್ಷದ ಮಗನೂ ಮಣ್ಣಾಗಿದ್ದರು. ಅಕ್ಕ ಕಪಿಲೆಯ ದಂಡೆಯ ನಮ್ಮೂರಿಗೆ ವಾಪಸು ಬಂದಳು. ಆ ಹೊತ್ತಿಗೆ ನಮ್ಮ ಅವ್ವ ತೀರಿಕೊಂಡಿದ್ದಳು. ನನ್ನನ್ನು ಸಾಕಿದವಳು ಅಕ್ಕನೇ. ಎರಡು ವರ್ಷ ಮಠದ ಅಯ್ಯನವರ ಹತ್ತಿರ ಮರಳಿನ ಮೇಲೆ ಅಕ್ಷರ ತೀಡಿಸಿದವಳೂ ಅವಳೇ. ನನಗೆ ಬರುವ ಓದು ಬರಹ ಅಷ್ಟೇ.

ಕಾಡಂಚಿನ ಆ ನಂಟರು ಅಕ್ಕನನ್ನು ಮರೆಯಲಿಲ್ಲ. ಯುಗಾದಿಯ ಮಾರನೆಯ ದಿನ ಅವರಲ್ಲಿ ಊರೊಟ್ಟಿನ ಬೇಟೆ. ಸಿಕ್ಕಿದ್ದನ್ನು ಮುತ್ತುಗದ ಎಲೆಗಳ ಮೇಲೆ ಮನೆಗೊಂದು ಗುಡ್ಡೆಯಂತೆ ಹಾಕುತ್ತಿದ್ದರು. ಗಂಡಸು ಸತ್ತ ಮನೆಗೂ ಗುಡ್ಡೆ ತಪ್ಪುತ್ತಿರಲಿಲ್ಲ. ಹಂದಿಯೋ ಕಡವೆಯೋ, ಅಕ್ಕನ ಪಾಲು ಎರಡನೆಯ ದಿನಕ್ಕೆ ಯಾರದಾದರೂ ಗಾಡಿಯಲ್ಲಿ ನಮ್ಮ ಮನೆಗೆ ಬರುತ್ತಿತ್ತು.

ಅದು ಬಂದ ದಿನ ಅವಳ ಹತ್ತಿರ ಯಾರೂ ಮಾತಾಡುವ ಹಾಗಿರಲಿಲ್ಲ. ಕೊಬ್ಬನ್ನು ಒಂದು ಚೂರೂ ಉಳಿಯದ ಹಾಗೆ ಬಿಡಿಸುವಳು. ಕೊಬ್ಬು ಉಳಿದರೆ ತಿಂಗಳೊಳಗೆ ಕಮಟು ವಾಸನೆ. ಬಾಡನ್ನು, ಅಂದರೆ ಮಾಂಸವನ್ನು, ಎಳೆಯ ಉದ್ದಕ್ಕೆ, ಹೆಬ್ಬೆರಳಿನ ದಪ್ಪ ಸೀಳುವಳು. ಕಲ್ಲುಪ್ಪು, ಅರಿಶಿನ, ಜಜ್ಜಿದ ಬೆಳ್ಳುಳ್ಳಿ ಹಾಕಿ ತಿಕ್ಕಿ ಮಡಕೆಯಲ್ಲಿ ಒಂದು ದಿನ ಇಟ್ಟು, ಕತ್ತಾಳೆ ನಾರಿಗೆ ಪೋಣಿಸಿ ಬಿಸಿಲಿಗೆ ಕಟ್ಟುವಳು. ಕಾಗೆ ಬಾರದ ಹಾಗೆ ಸುತ್ತ ಜಾಲಿಮುಳ್ಳು. ಸಂಜೆ ಇಬ್ಬನಿ ಬೀಳುವ ಮೊದಲೇ ಒಳಗೆ. ನಾಲ್ಕು ದಿನದ ಬಿಸಿಲು ಕುಡಿದ ಮೇಲೆ ಆ ಸರವನ್ನು ಒಲೆಯ ಮೇಲಿನ ತೊಲೆಗೆ ಕಟ್ಟಿಬಿಟ್ಟರೆ, ಹೊಗೆಯಲ್ಲಿ ಕಪ್ಪಾಗಿ, ಕಟ್ಟಿಗೆಯ ಹಾಗೆ ಟಣ್ ಎನ್ನುವ ತನಕ ಅಲ್ಲೇ ಇರುತ್ತಿತ್ತು. ಅದೇ ಉಪ್ಪುಕಂಡ.

ಬೇಯಿಸುವುದರಲ್ಲಿ ಅವಳ ಹಟ ಇನ್ನೂ ದೊಡ್ಡದು. ಮೊದಲು ಕೆಂಡದ ಮೇಲೆ ಸುಟ್ಟು ಮಸಿ ಉದುರಿಸಬೇಕು. ಗುಂಡುಕಲ್ಲಿನಿಂದ ಜಜ್ಜಬೇಕು. ಬಿಸಿನೀರಿನಲ್ಲಿ ನೆನೆಹಾಕಿ ಆ ನೀರನ್ನು ಚೆಲ್ಲಬೇಕು. ಗಟ್ಟಿ ಆಳಿಗೆ ಒಂದು ನೀರು ಸಾಕು, ಹುರುಳಿಕಾಳಿನ ಜೊತೆ ಬೇಯಿಸಿ ಮುದ್ದೆಗೆ ಕೊಡಬಹುದು. ಬಾಣಂತಿಗೆ ಎರಡು ನೀರು, ಮೆಣಸು ಬೆಳ್ಳುಳ್ಳಿ ಕುಟ್ಟಿ ಹಾಕಿದ ತೆಳು ಸಾರು. ಜ್ವರದಿಂದ ಎದ್ದವರಿಗೆ ಮೂರು ನೀರು. ಜ್ವರ ಮೈಮೇಲಿರುವಾಗ ಮಾತ್ರ ಯಾರು ಅತ್ತು ಕೇಳಿದರೂ ಇಲ್ಲ.

"ಉಪ್ಪು ಇರೋದು ಬಾಡು ಕಾಯಕ್ಕೆ ಕಣ್ಲಾ, ತಿನ್ನೋರ್ಗಲ್ಲ. ಅದ್ನ ಆಚೀಗೆ ಕಳಿಸ್ಬುಟ್ಟು ಆಮ್ಯಾಕೆ ಒಲೆ ಅಚ್ಚು" ಎನ್ನುತ್ತಿದ್ದಳು. ಒಬ್ಬರಿಗೆ ಎರಡು ಬೆರಳುದ್ದಕ್ಕಿಂತ ಹೆಚ್ಚು ಕೊಡಳು. ಹೆಚ್ಚು ತಿಂದರೆ ಮೈಗೆ ಕಸುವಲ್ಲ, ಬರೀ ಕಾವು ಮತ್ತು ದಾಹ.

ಒಮ್ಮೆ ಪಕ್ಕದ ಮನೆಯ ಬಾಣಂತಿಗೆ ಐದು ದಿನ ಸಾರು ಕಳಿಸಿದರೂ ಅವಳ ಮುಖಕ್ಕೆ ರಕ್ತ ಬರಲಿಲ್ಲ. ಆರನೆಯ ದಿನ ಅಕ್ಕ ತಾನೇ ತೆಗೆದುಕೊಂಡು ಹೋದಳು. ನೋಡಿದರೆ ಗಂಡ ಹಿಂದಿನ ದಿನದ ಬಟ್ಟಲನ್ನು ಬೆರಳಲ್ಲಿ ಬಳಿದು ನೆಕ್ಕುತ್ತಾ ಕೂತಿದ್ದಾನೆ. ಅಕ್ಕ ಬೀದಿಗೆಲ್ಲ ಕೇಳುವ ಹಾಗೆ, "ಏನ್ಲಾ, ನೀ ಯಾವಾಗ್ಲಾ ಎತ್ತಿದ್ದು? ಗಂಡೋ ಎಣ್ಣೋ? ಅಂಗಾರೆ ಕಿವೀಗೆ ಅತ್ತಿ ಇಟ್ಕ, ತಲೀಗೆ ಬಟ್ಟೆ ಸುತ್ಕ, ಓಗ್ ಮೂಲೇಲಿ ಮಲಕ್ಕೊ!" ಎಂದಳು. ಆ ಮನುಷ್ಯನನ್ನು ಊರವರು ಸಾಯುವ ತನಕ 'ಬಾಣಂತಿ' ಎಂದೇ ಕರೆದರು.

ಈಗ ನನ್ನ ವಿಷಯ. ನಮ್ಮೂರಲ್ಲಿ ಬೇಟೆಯೆಂದರೆ ಬಲೆ, ಈಟಿ, ನಾಯಿ. ನನಗೆ ಕೋವಿ ಬೇಕು ಎಂಬ ಹುಚ್ಚು ಹತ್ತಿತು. ರಾಗಿಗೆ ಬೀಳುವ ಹಂದಿ ಕಾಯಲು ಎಂದು ಬರೆದು ನರಸೀಪುರದ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟೆ. ನಿಜ ಹೇಳಬೇಕೆಂದರೆ ಹೆಗಲ ಮೇಲೆ ಕೋವಿ ಇಟ್ಟುಕೊಂಡು ಬೀದಿಯಲ್ಲಿ ನಡೆಯುವ ಆಸೆ. ಅರ್ಜಿಗೆ ಎಂಟು ತಿಂಗಳಾದರೂ ಉತ್ತರ ಬರಲಿಲ್ಲ. ಬರಿಗೈಲಿ ಹೋದರೆ ಕಾಗದ ಮೇಲೇಳುವುದಿಲ್ಲ ಎಂದು ಯಾರೋ ಹೇಳಿದರು. ನನ್ನ ಕಣ್ಣು ತೊಲೆಯ ಮೇಲಿದ್ದ ಕಡವೆಯ ಸರದ ಮೇಲೆ ಹೋಯಿತು. ಆ ವರ್ಷ ಉಳಿದಿದ್ದುದು ಅದೊಂದೇ. ಹನ್ನೆರಡು ತುಂಡು.

ಆ ವರ್ಷದ ಕಾರ್ತೀಕದಲ್ಲಿ ಅಕ್ಕನಿಗೆ ಜ್ವರ ಬಂತು. ನನ್ನ ಹೆಂಡತಿ ಎರಡನೆಯ ಹೆರಿಗೆಗೆಂದು ತವರಾದ ಹೆಮ್ಮಿಗೆಗೆ ಹೋಗಿದ್ದಳು. ಮನೆಯಲ್ಲಿ ಇದ್ದುದು ಅಕ್ಕ, ನಾನು, ನನ್ನ ಐದು ವರ್ಷದ ಮಗಳು. ಹದಿನೈದು ದಿನ ಸುಟ್ಟು ಜ್ವರ ಬಿಟ್ಟಿತು. ಅಕ್ಕ ಗೋಡೆ ಹಿಡಿದು ಎದ್ದು ಕೂತಳು. ಅವಳ ಕೈಯ ಬೆಳ್ಳಿ ಕಡಗ ಮೊಳಕೈ ತನಕ ಜಾರುತ್ತಿತ್ತು.

"ಜ್ವರ ಬುಟ್ಟದೆ ಕಣ್ಲಾ. ಮೈಯಲ್ಲಿ ಕಸುವಿಲ್ಲ. ತೊಲೆ ಮ್ಯಾಲೆ ಕಡವೆ ಅದಲ್ಲ, ಎಲ್ಡು ತುಂಡು ಮೂರು ನೀರಲ್ಲಿ ನೆನೆಸಿ ಸಾರು ಮಾಡು. ನಾ ಏಳ್ಕೊಡ್ತೀನಿ."

ಸರವನ್ನು ನಾನು ಹಿಂದಿನ ದಿನವೇ ಇಳಿಸಿ, ಒಗೆದ ಬಟ್ಟೆಯಲ್ಲಿ ಕಟ್ಟಿ, ಕಣಜದ ಹಿಂದೆ ಇಟ್ಟಿದ್ದೆ. ಎರಡು ತುಂಡು ತೆಗೆದರೆ ಹತ್ತು ಉಳಿಯುತ್ತಿತ್ತು. ಹತ್ತಕ್ಕಿಂತ ಹನ್ನೆರಡು ನೋಡಲು ಚೆನ್ನ ಎಂದುಕೊಂಡೆ. ಇಷ್ಟು ಸಣ್ಣ ಲೆಕ್ಕ. ಬಾಯಿಗೆ ಬಂದದ್ದನ್ನು ಹೇಳಿದೆ.

"ಎಲ್ಲದೆ ಅಕ್ಕ? ಇಲಿ ತಿನ್ಕಂಡು ಓಗ್ಬುಟ್ಟವೆ."

ಅಕ್ಕನ ಮುಖ ನೋಡಿದ ಕೂಡಲೆ ನಾನು ಆಡಿದ ಮಾತು ಎಂಥದೆಂದು ತಿಳಿಯಿತು. ಬೇರೆ ಊರಲ್ಲಿ, ಬೇರೆ ಕಾಲದಲ್ಲಿ ಅದು ಬರೀ ಇಲಿ. ನಮ್ಮಲ್ಲಿ, ಆ ವರ್ಷಗಳಲ್ಲಿ, ಅವಳ ಮುಂದೆ ಆಡುವ ಸುಳ್ಳಲ್ಲ ಅದು.

"ಇಲಿಯಾ? ನಮ್ಮನೇಲಾ? ತಿಂಗ್ಳು ತಿಂಗ್ಳೂ ಬಿಲಕ್ಕೆಲ್ಲ ನಾನೇ ಮಣ್ಣು ಮೆತ್ತಿದ್ದೀನಲ್ಲೋ. ಹಗಲೊತ್ತು ಕಂಡ್ಯಾ? ಬಿತ್ತಾ?"

"ಇಲ್ಲ ಕಣಕ್ಕ, ಒಂದು ಓಡೋಯ್ತು ಅಷ್ಟೇಯ."

"ಓಡ್ತೋ ತೂರಾಡ್ತೋ?"

ನಾನು ಮುಖ ತಿರುಗಿಸಿ ಒಲೆ ಕೆದಕಿದೆ. ಅವಳಿಗೆ ಅದೇ ಉತ್ತರವಾಯಿತು.

"ಏಳ್ಲಾ. ಮಗೀನ ಎತ್ಕೊ. ಇವತ್ತು ಈ ಸೂರ್ ಕೆಳಗೆ ಅದು ಮಲಗ್ಬಾರ್ದು. ಒಂದ್ಸಲ ನಾನು ಗಂಡನ್ ಮನೆಯೋರ್ ಮಾತು ಕೇಳ್ಬುಟ್ಟೆ, ಇನ್ನೊಂದ್ಸಲ ಕೇಳಾಕಿಲ್ಲ."

ಆಗಲಾದರೂ ಹೇಳಬಹುದಿತ್ತು. ಕಣಜದ ಹಿಂದಿನಿಂದ ಗಂಟು ತೆಗೆದು ಅವಳ ಮುಂದೆ ಬಿಚ್ಚಿದ್ದರೆ, ಅವಳು ನನ್ನನ್ನು ಎರಡು ಬೈದು ಸಾರು ಮಾಡಿಸಿಕೊಂಡು ಕುಡಿಯುತ್ತಿದ್ದಳು. ನಾನು ಮಗಳನ್ನು ಎತ್ತಿಕೊಂಡೆ. ಅಕ್ಕ ಕೋಲೂರಿ ಹಿಂದೆ ಬಂದಳು. ದಾರಿಯಲ್ಲಿ ಮೂರು ಸಲ ಕೂತಳು. ಹೊಲದ ಗುಡಿಸಲಿನ ಗೋಡೆ ಬರೀ ಜೋಳದ ಕಡ್ಡಿ. ಜಡಿಮಳೆ ಹಿಡಿದಿತ್ತು.

ಮರುದಿನ ಬೆಳಿಗ್ಗೆ ಅವಳಿಗೆ ರಾಗಿ ಅಂಬಲಿ ಕಾಯಿಸಿಟ್ಟು, ಕಚೇರಿಯಲ್ಲಿ ಕರೆದಿದ್ದಾರೆ ಎಂದು ಹೇಳಿ ನಾನು ನರಸೀಪುರಕ್ಕೆ ಹೊರಟೆ. ಗಂಟು ಕಂಕುಳಲ್ಲಿತ್ತು. ಗುಮಾಸ್ತರು ಕನ್ನಡಕ ಏರಿಸಿ ನನ್ನನ್ನೂ ಗಂಟನ್ನೂ ನೋಡಿದರು.

"ಏನಯ್ಯ ಅದು?"

"ಉಪ್ಪುಕಂಡ, ಬುದ್ಧಿ. ಕಡವೇದು. ನಮ್ಮಕ್ಕ ಮಾಡಿರಾದು."

"ಕಡವೆ ಎಲ್ಲಿ ಸಿಕ್ತು?"

"ಕಾಡಲ್ಲಿ, ಬುದ್ಧಿ."

"ಯಾರ ಕಾಡು?"

ಅಷ್ಟು ಹೊತ್ತಿಗೆ ಪಕ್ಕದವರೆಲ್ಲ ಬರೆಯುವುದನ್ನು ಬಿಟ್ಟು ನೋಡುತ್ತಿದ್ದರು. ಗುಮಾಸ್ತರು ದನಿ ತಗ್ಗಿಸಿ, "ಸರ್ಕಾರದ ಕಾಡಿನ ಕಡವೆ ಹೊಡೆದು, ಅದನ್ನ ಸರ್ಕಾರದ ಕಚೇರಿಗೇ ತಂದು, ಕೋವಿ ಕೊಡಿ ಅಂತ ಕೇಳ್ತೀಯಲ್ಲಯ್ಯ! ನಾನು ಒಳ್ಳೆಯವನು, ನೋಡಲಿಲ್ಲ ಅಂದ್ಕೋತೀನಿ. ಅಮಲ್ದಾರರು ಬರೋದ್ರೊಳಗೆ ಓಡು" ಎಂದರು. ಹಿಂದಿನಿಂದ ನಗು ಕೇಳಿಸಿತು. ನಾನು ಓಡಿದೆ.

ಹಾಗೆ ಹನ್ನೆರಡು ತುಂಡೂ ನನ್ನ ಜೊತೆ ವಾಪಸು ಬಂದವು. ಗುಡಿಸಲಲ್ಲಿ ಅಕ್ಕ ತನ್ನ ಕಂಬಳಿಯನ್ನು ಮಗುವಿಗೆ ಹೊದಿಸಿ, ತಾನು ಗೋಣಿತಾಟು ಹೊದ್ದು ಕೆಮ್ಮುತ್ತಿದ್ದಳು. ಈಗ ಗಂಟು ಬಿಚ್ಚಿದರೆ ಸುಳ್ಳೂ ಬಿಚ್ಚಿಕೊಳ್ಳುತ್ತದೆ. ಅದನ್ನು ಮೆದೆಯ ಹುಲ್ಲಿನೊಳಗೆ ತುರುಕಿದೆ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಮೂರು ದಿನ ಕಳೆದೆ. ಆ ಮೂರು ದಿನ ಅವಳು ಅಂಬಲಿ ಕುಡಿದು ಇದ್ದಳು. ಮನೆಗೆ ಹೋಗೋಣ ಎಂದರೆ, "ಇಲಿ ಬಿತ್ತಾ ನೋಡ್ಕ ಬಾ, ಬೀಳ್ದೆ ಎಂಟು ದಿನ ಆಗ್ಲಿ" ಎನ್ನುವಳು. ಊರವರು ಯಾರೂ ಮನೆ ಬಿಟ್ಟಿರಲಿಲ್ಲ. ಹೊಲದ ದಾರಿಯಲ್ಲಿ ಹೋಗುವವರು ಇವಳನ್ನು ನೋಡಿ ನಗುತ್ತಿದ್ದರು.

ನಾಲ್ಕನೆಯ ದಿನ ಅವಳ ಎದೆ ಗೊರಗೊರ ಎನ್ನತೊಡಗಿತು. ನಾನು ಮೆದೆಯಿಂದ ಗಂಟು ತೆಗೆದುಕೊಂಡು ಮನೆಗೆ ಓಡಿ ಒಲೆ ಹಚ್ಚಿದೆ. ಅವಳು ಮಾಡುವ ಹಾಗೆಯೇ ಸುಟ್ಟೆ, ಜಜ್ಜಿದೆ, ಮೂರು ನೀರು ಚೆಲ್ಲಿದೆ. ಮೂರನೆಯ ನೀರನ್ನು ನಾಲಿಗೆಯಲ್ಲಿ ನೋಡಿದೆ. ಸಾರನ್ನು ಬಟ್ಟೆಯಲ್ಲಿ ಸೋಸಿ ಗುಡಿಸಲಿಗೆ ತಂದು, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ಹಿಡಿದೆ.

ಅವಳು ಕಣ್ಣು ಮುಚ್ಚಿಕೊಂಡೇ ಮೂಸಿದಳು. "ಕಡವೆ ವಾಸ್ನೆ ಬತ್ತದೆ" ಎಂದಳು.

"ಕಡವೆ ಅಲ್ಲ, ಅಂದೀದು ಕಣಕ್ಕ. ಪಕ್ಕದ ಮನೆಯೋರು ಕೊಟ್ರು."

ಕಣ್ಣು ಬಿಟ್ಟು ನನ್ನನ್ನು ನೋಡಿದಳು. ಜೀವಮಾನವೆಲ್ಲ ಬಾಡು ಮುಟ್ಟಿದ ಕೈ ಅವಳದು. ಹಂದಿಗೂ ಕಡವೆಗೂ ವ್ಯತ್ಯಾಸ ಅವಳಿಗೆ ತಿಳಿಯಲಿಲ್ಲ ಎಂದು ನಂಬಲು ನಾನು ಇಪ್ಪತ್ತು ವರ್ಷ ಪ್ರಯತ್ನಪಟ್ಟಿದ್ದೇನೆ. ಎರಡು ಗುಟುಕು ಒಳಗೆ ಹೋಯಿತು. ಉಳಿದದ್ದು ಕಟಬಾಯಿಂದ ಇಳಿಯಿತು.

"ಉಪ್ಪು ಸರ್ಯಾಗಿ ಬುಡಿಸಿದ್ದೀಯ" ಎಂದಳು. ಅವಳು ನನಗೆ ಹೇಳಿದ ಕೊನೆಯ ಮಾತು ಅದು. ಬೆಳಿಗ್ಗೆ ಹೊತ್ತಿಗೆ ಹೋಗಿಬಿಟ್ಟಿದ್ದಳು.

ಕೋವಿ ಆಮೇಲೂ ಬರಲಿಲ್ಲ, ನಾನೂ ಕೇಳಲಿಲ್ಲ. ಆದರೆ ನನ್ನ ತಪ್ಪು ಅಲ್ಲಿಗೆ ಮುಗಿಯಲಿಲ್ಲ. ಆ ವರ್ಷ ನಮ್ಮೂರಲ್ಲಿ ಒಂದು ಇಲಿಯೂ ಬೀಳಲಿಲ್ಲ. ಒಂದು ಇಲಿ ಓಡಿತೆಂದು ಹೆದರಿ, ಗಟ್ಟಿಮುಟ್ಟಾದ ಮನೆ ಬಿಟ್ಟು ಮಳೆಯಲ್ಲಿ ಕೂತು ಸತ್ತ ಹೆಂಗಸು ಎಂದು ಅಕ್ಕನ ಹೆಸರು ನಿಂತಿತು. ಸಾರು ಕುಡಿದು ಎದ್ದ ಬಾಣಂತಿಯರ ಮಕ್ಕಳೇ ಅದನ್ನು ಹೇಳಿ ನಗುತ್ತಿದ್ದರು. ನನ್ನ ಮನೆಯಲ್ಲೂ ಅದೇ ಮಾತು ಬೆಳೆಯಿತು. ಯಾರಾದರೂ ಸಣ್ಣದಕ್ಕೆ ಹೆದರಿದರೆ 'ದೊಡ್ಡತ್ತೆ ಅಂಗೆ ಆಡ್ಬೇಡ' ಎನ್ನುವುದು. ಕೇಳಿಸಿಕೊಂಡು ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಒಂದು ಸಲವೂ ಬಾಯಿ ಬಿಡಲಿಲ್ಲ.

ಈ ವರ್ಷದ ಮಹಾಲಯ ಅಮಾವಾಸ್ಯೆಯ ದಿನ ಸತ್ತವರಿಗೆ ಎಡೆ ಇಟ್ಟಿದ್ದೆವು. ಅಂದು ಗುಡಿಸಲಲ್ಲಿ ಅಕ್ಕನ ಕಂಬಳಿ ಹೊದ್ದು ಮಲಗಿದ್ದ ನನ್ನ ಮಗಳೂ ಗಂಡನ ಮನೆಯಿಂದ ಬಂದಿದ್ದಳು. ಮುದ್ದೆ, ಹುರುಳಿಕಾಳಿನ ಸಾರು, ಹಂದಿಯ ಉಪ್ಪುಕಂಡ ಎಲ್ಲವನ್ನೂ ಬಡಿಸಿ ಧೂಪ ಹಾಕಿ, ಸತ್ತವರು ಬಂದು ಉಣ್ಣಲೆಂದು ಬಾಗಿಲು ಮುಂದೆ ಮಾಡಬೇಕು. ಅಷ್ಟರಲ್ಲಿ ನನ್ನ ಮಗ, "ಬಾಗ್ಲು ಭದ್ರ ಆಕ್ರಪ್ಪ, ಇಲಿಗಿಲಿ ಬಂದಾದು! ದೊಡ್ಡತ್ತೆ ಎಡೆ ಬುಟ್ಟು ಓಡೋದಾಳು!" ಎಂದ. ಎಲ್ಲರೂ ನಕ್ಕರು. ನನ್ನ ಮಗಳೂ ನಕ್ಕಳು. ಅವಳ ನಗು ನನಗೆ ತಡೆಯಲಾಗಲಿಲ್ಲ.

ನಾನು ಎಡೆಯ ಮುಂದೆ ಮೊಣಕಾಲೂರಿದೆ. ಮನೆಯವರೆಲ್ಲ ಕೇಳುವ ಹಾಗೆ, ಗಟ್ಟಿಯಾಗಿಯೇ ಹೇಳಿದೆ:

"ಅಕ್ಕಾ, ಇಲಿ ಬಂದಿರ್ನಿಲ್ಲ. ಕಡವೆ ಸರಾನ ನಾನೇ ಬಚ್ಚಿಟ್ಟಿದ್ದೆ, ಕೋವಿ ಆಸೇಗೆ. ನೀ ಎದ್ರಿ ಓಡೋದೋಳಲ್ಲ, ನನ್ ಮಗೀನ ಉಳಿಸಕ್ಕೆ ಮನೆ ಬುಟ್ಟೋಳು. ನೀ ಕೇಳಿದ್ ಸಾರು ಕೇಳಿದ್ ದಿನ ಕೊಡ್ನಿಲ್ಲ. ಕೊಟ್ಟಾಗ್ಲೂ ಅಂದೀದು ಅಂತ ಸುಳ್ಳೇಳ್ದೆ. ಕಡವೇದೇ ಕಣಕ್ಕ ಅದು. ತಪ್ಪಾಯ್ತು. ನನ್ನಿಂದ ತಪ್ಪಾಯ್ತು ಕಣಕ್ಕ."